ಯಾವ ನೆಗೆಟಿವ್‌ಗೆ ಯಾವ ಎನ್‌ಲಾರ್ಜರ್

ಹಳೆಯ ಸ್ಟುಡಿಯೋದವರ ಮನೆಯ ಅಟ್ಟದಿಂದ ಇಳಿಸಿದ ನೆಗೆಟಿವ್ ಪೆಟ್ಟಿಗೆಯಲ್ಲಿ ಮೂರು ಕಾಲಗಳು ಒಂದರ ಮೇಲೊಂದು ಕೂತಿರುತ್ತವೆ. ತಳದಲ್ಲಿ ಗಾಜಿನ ಪ್ಲೇಟುಗಳು: ಕ್ವಾರ್ಟರ್, ಹಾಫ್, ಅಲ್ಲೊಂದು ಇಲ್ಲೊಂದು ಫುಲ್. ಅವುಗಳ ಮೇಲೆ ಲಕೋಟೆಯಲ್ಲಿಟ್ಟ 120 ಫಿಲಂನ ಚೌಕಗಳು. ಎಲ್ಲಕ್ಕಿಂತ ಮೇಲೆ, ಆರಾರು ಚಿತ್ರಕ್ಕೊಂದರಂತೆ ಕತ್ತರಿಸಿದ 35 ಎಂಎಂ ಪಟ್ಟಿಗಳು. ಇಂಥದೊಂದು ಪೆಟ್ಟಿಗೆ ಕೈಗೆ ಬಂದ ಸಂಭ್ರಮದಲ್ಲಿ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ಅಗ್ಗಕ್ಕೆ ಸಿಕ್ಕಿತೆಂದು ಒಂದು ಎನ್‌ಲಾರ್ಜರ್ ಹೊತ್ತು ತಂದೆ. ಕಿಟಕಿಗೆ ಕಂಬಳಿ ಕಟ್ಟಿ, ಕೆಂಪು ದೀಪ ಹಾಕಿ, ನೆಗೆಟಿವ್ ಇಡುವ ಚೌಕಟ್ಟನ್ನು ಎಳೆದು ನೋಡಿದರೆ ಅದರ ಕಿಂಡಿ ಹೆಬ್ಬೆರಳಿನಷ್ಟು. 35 ಎಂಎಂಗೆ ಮಾತ್ರ ಮಾಡಿದ ಯಂತ್ರ ಅದು. ಮದುವೆಯ ದಿನದ ಅಜ್ಜಿಯ 120 ನೆಗೆಟಿವ್ ಇಟ್ಟರೆ ಮೂಗುತಿಯಿಂದ ಕೊರಳವರೆಗಿನ ಭಾಗ ಮಾತ್ರ ಅದರಲ್ಲಿ ಹಿಡಿಯಿತು.

ಎನ್‌ಲಾರ್ಜರ್ ಎಂದರೆ ಬೋರಲಾಗಿ ನಿಂತ ಕ್ಯಾಮೆರಾ. ಕ್ಯಾಮೆರಾದಲ್ಲಿ ದೊಡ್ಡ ಲೋಕ ಲೆನ್ಸಿನ ಮೂಲಕ ಪುಟ್ಟ ಫಿಲಂಗೆ ಇಳಿಯುತ್ತದೆ. ಇಲ್ಲಿ ಪುಟ್ಟ ಫಿಲಂ ಲೆನ್ಸಿನ ಮೂಲಕ ದೊಡ್ಡ ಕಾಗದದ ಮೇಲೆ ಹರಡಿಕೊಳ್ಳುತ್ತದೆ. ಮೇಲೆ ಬಲ್ಬು, ಅದರ ಕೆಳಗೆ ಬೆಳಕನ್ನು ಹದಮಾಡುವ ಗಾಜು, ಆಮೇಲೆ ನೆಗೆಟಿವ್, ಕಮ್ಮಾರನ ತಿದಿಯಂತೆ ಮಡಚಿಕೊಳ್ಳುವ ಬೆಲ್ಲೋಸ್, ಕೊನೆಗೆ ಲೆನ್ಸ್. ಇವಿಷ್ಟನ್ನೂ ಹೊತ್ತ ತಲೆ ಒಂದು ಕಂಬದ ಮೇಲೆ ಏರಿಳಿಯುತ್ತದೆ. ಕೆಳಗಿನ ಹಲಗೆಯ ಮೇಲೆ ಬ್ರೋಮೈಡ್ ಕಾಗದ. ತಲೆ ಏರಿದಷ್ಟೂ ಚಿತ್ರ ದೊಡ್ಡದು. ಇಷ್ಟು ಸರಳ ಯಂತ್ರದಲ್ಲಿ ಆರಿಸುವುದಕ್ಕೇನಿದೆ ಅನ್ನಿಸಬಹುದು. ಆದರೆ ಚೌಕಟ್ಟು, ಲೆನ್ಸ್, ಗಾಜು, ಕಂಬ ಎಲ್ಲದರ ಅಳತೆಯೂ ನಿಂತಿರುವುದು ನೆಗೆಟಿವ್‌ನ ಗಾತ್ರದ ಮೇಲೆ.

35 ಎಂಎಂ ನೆಗೆಟಿವ್‌ನ ಚಿತ್ರ 24×36 ಮಿಲಿಮೀಟರ್. ಮೂಲೆಯಿಂದ ಮೂಲೆಗೆ ಅಳೆದರೆ 43. ಅಗ್ಫಾ ಕ್ಲಿಕ್-3 ಡಬ್ಬಿ ಕ್ಯಾಮೆರಾದಲ್ಲೋ ಸ್ಟುಡಿಯೋದ ರೋಲಿಫ್ಲೆಕ್ಸ್, ಯಾಶಿಕಾಗಳಲ್ಲೋ ತೆಗೆದ ‘ಸಿಕ್ಸ್ ಬೈ ಸಿಕ್ಸ್’ ಹೆಸರಿಗೆ ಆರು ಸೆಂಟಿಮೀಟರ್, ನಿಜದಲ್ಲಿ 56 ಮಿಲಿಮೀಟರ್ ಚೌಕ. ಅದರ ಕರ್ಣ 79. ಲೆನ್ಸ್ ಆರಿಸುವುದು ಈ ಕರ್ಣವನ್ನು ನೋಡಿ. 35ಕ್ಕೆ 50 ಎಂಎಂ ಲೆನ್ಸ್, 6×6ಕ್ಕೆ 75 ಅಥವಾ 80, 6×7ಕ್ಕೆ 90, 6×9ಕ್ಕೆ 105, 4×5 ಇಂಚಿನ ಶೀಟ್ ಫಿಲಂಗೆ 135 ಅಥವಾ 150. 6×6 ನೆಗೆಟಿವ್ ಕೆಳಗೆ 50ರ ಲೆನ್ಸ್ ಹಾಕಿದರೆ ನಡುವೆ ಅಜ್ಜಿ ಚೆನ್ನಾಗಿಯೇ ಬರುತ್ತಾರೆ, ನಾಲ್ಕು ಮೂಲೆ ಮಾತ್ರ ಮಸುಕಾಗಿ ಕರಗುತ್ತವೆ. ತಿರುಗಾಮುರುಗಾ ಮಾಡಿ 35ಕ್ಕೆ 80ರ ಲೆನ್ಸ್ ಹಾಕಿದರೆ ಚಿತ್ರಕ್ಕೇನೂ ಕೇಡಿಲ್ಲ, ಕಷ್ಟ ಕಂಬಕ್ಕೆ. 35 ಎಂಎಂನಿಂದ 8×10 ಇಂಚಿನ ಪ್ರಿಂಟ್ ಬೇಕೆಂದರೆ ಚಿತ್ರವನ್ನು ಸುಮಾರು ಎಂಟೂವರೆ ಪಟ್ಟು ಹಿಗ್ಗಿಸಬೇಕು. 50ರ ಲೆನ್ಸ್ ಇದ್ದರೆ ಲೆನ್ಸಿನಿಂದ ಕಾಗದಕ್ಕೆ ಅರ್ಧ ಮೀಟರಿಗಿಂತ ತುಸು ಕಡಿಮೆ ಅಂತರ ಸಾಕು. 80ರದ್ದಾದರೆ ಮುಕ್ಕಾಲು ಮೀಟರ್ ದಾಟುತ್ತದೆ, ಗಿಡ್ಡ ಕಂಬದ ಯಂತ್ರದ ತಲೆ ತುದಿಗೆ ಹೋಗಿ ನಿಂತುಬಿಡುತ್ತದೆ.

ಅಂದಹಾಗೆ, 35 ಎಂಎಂ ಚಿತ್ರ 8×10 ಕಾಗದದಲ್ಲಿ ಪೂರ್ತಿ ಕೂರುವುದೇ ಇಲ್ಲ. ಎಂಟು ಇಂಚಿನ ಬದಿ ತುಂಬುವ ಹೊತ್ತಿಗೆ ಉದ್ದದ ಬದಿ ಹನ್ನೆರಡಾಗಿ, ಎರಡು ಇಂಚಿನ ಚಿತ್ರ ಕಾಗದದಾಚೆ ಬಿದ್ದುಹೋಗುತ್ತದೆ. ಗುಂಪು ಫೋಟೋದ ತುದಿಯಲ್ಲಿ ನಿಂತ ಎಷ್ಟು ಜನ ಸೋದರಮಾವಂದಿರು ಹೀಗೆ ಕತ್ತರಿಗೆ ಸಿಕ್ಕಿದ್ದಾರೋ!

ಲೆನ್ಸಿಗೆ ಕೊಡುವ ದುಡ್ಡಿನಲ್ಲಿ ಜಿಪುಣತನ ಬೇಡ. ನಿಕಾನ್‌ನ ಎಲ್-ನಿಕ್ಕರ್, ಶ್ನೈಡರ್‌ನ ಕಂಪೋನಾನ್-ಎಸ್, ರೋಡೆನ್‌ಸ್ಟಾಕ್‌ನ ರೋಡಗಾನ್, ಈ ಮೂರರಲ್ಲಿ ಯಾವುದಾದರೂ ಸರಿ. ಬಹುಪಾಲು ಎನ್‌ಲಾರ್ಜರ್‌ಗಳಿಗೆ ಒಪ್ಪುವ 39 ಎಂಎಂ ತಿರುಪಿನಲ್ಲೇ ಸಿಗುತ್ತವೆ. ಪೂರ್ತಿ ತೆರೆದು ಫೋಕಸ್ ಮಾಡಿ, ಎರಡು ಸ್ಟಾಪ್ ಮುಚ್ಚಿ ಪ್ರಿಂಟ್ ಹಾಕಿದರೆ ಅವು ತಮ್ಮ ಹರಿತವನ್ನೆಲ್ಲ ತೋರಿಸುತ್ತವೆ. ಮಲೆನಾಡು, ಕರಾವಳಿಯಲ್ಲಿ ಇದ್ದು ಬಂದ ಲೆನ್ಸಾದರೆ ಟಾರ್ಚ್ ಹಿಡಿದು ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಮಳೆಗಾಲದ ಫಂಗಸ್.

ನನಗೆ ಈ ಯಂತ್ರದಲ್ಲಿ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ನೆಗೆಟಿವ್‌ನ ಮೇಲಿನ ಬೆಳಕು. ಅದರಲ್ಲಿ ಎರಡು ಜಾತಿ. ಒಂದು ಕಂಡೆನ್ಸರ್: ದಪ್ಪ ಗಾಜಿನ ಎರಡು ಉಬ್ಬು ಮಸೂರಗಳು ಬೆಳಕನ್ನು ಒಟ್ಟುಗೂಡಿಸಿ ನೆಟ್ಟಗೆ ಕೆಳಗೆ ಕಳಿಸುತ್ತವೆ. ಇನ್ನೊಂದು ಡಿಫ್ಯೂಸರ್: ಹಾಲುಬಣ್ಣದ ಗಾಜಿನಲ್ಲೋ ಬಿಳಿ ಪೆಟ್ಟಿಗೆಯಲ್ಲೋ ಬೆಳಕು ಚದುರಿ, ಎಲ್ಲ ದಿಕ್ಕಿನಿಂದಲೂ ನೆಗೆಟಿವ್‌ಗೆ ಬೀಳುತ್ತದೆ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದರ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಹಂಚಿನ ಸಂದಿನಿಂದ ಇಳಿಯುವ ಬಿಸಿಲುಕೋಲಿನಲ್ಲಿ ಧೂಳಿನ ಕಣಕಣವೂ ಕುಣಿಯುವುದು ಕಾಣುತ್ತದೆ. ಮೋಡ ಕವಿದ ದಿನ ಅದೇ ಕೋಣೆಯಲ್ಲಿ ಅದೇ ಧೂಳು ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಕಂಡೆನ್ಸರ್ ಆ ಬಿಸಿಲುಕೋಲು. ಅದರಲ್ಲಿ ಗ್ರೇನ್ ಚುರುಕಾಗಿ ಕಾಣುತ್ತದೆ, ಜೊತೆಗೆ ನೆಗೆಟಿವ್ ಮೇಲಿನ ಗೀರು, ಧೂಳು, ಬೆರಳಚ್ಚು ಎಲ್ಲವೂ ಹಾಜರಾಗುತ್ತವೆ.

ಕಾಂಟ್ರಾಸ್ಟ್ ಕೂಡ ಬದಲಾಗುತ್ತದೆ. ಕಪ್ಪುಬಿಳುಪು ನೆಗೆಟಿವ್‌ನಲ್ಲಿರುವುದು ಬೆಳ್ಳಿಯ ಕಣಗಳು. ನೆಟ್ಟಗೆ ಬಂದ ಬೆಳಕು ಅವುಗಳಿಗೆ ತಾಗಿ ಪಕ್ಕಕ್ಕೆ ಚೆದುರುತ್ತದೆ. ಕಣಗಳು ದಟ್ಟವಾಗಿರುವ ಕಡೆ ಹೆಚ್ಚು, ತೆಳುವಾಗಿರುವ ಕಡೆ ಕಡಿಮೆ. ಹೀಗಾಗಿ ಪ್ರಿಂಟ್‌ನಲ್ಲಿ ಬಿಳುಪು ಇನ್ನಷ್ಟು ಬಿಳುಪಾಗುತ್ತದೆ. ಮೊದಲೇ ಚದುರಿ ಬಂದ ಬೆಳಕಿಗೆ ಈ ಭೇದವಿಲ್ಲ. 1909ರಲ್ಲಿ ಇದನ್ನು ಅಳೆದು ವಿವರಿಸಿದ ಆಂದ್ರೆ ಕ್ಯಾಲಿಯೆ ಹೆಸರಿನಲ್ಲೇ ಇದಕ್ಕೆ ಕ್ಯಾಲಿಯೆ ಪರಿಣಾಮ ಎನ್ನುತ್ತಾರೆ. ಒಂದೇ ನೆಗೆಟಿವ್‌ಗೆ ಎರಡು ಯಂತ್ರಗಳಲ್ಲಿ, ಕಾಗದದ ಕಾಂಟ್ರಾಸ್ಟ್ ಲೆಕ್ಕದಲ್ಲಿ, ಹೆಚ್ಚುಕಡಿಮೆ ಒಂದು ಗ್ರೇಡಿನ ಅಂತರ ಬರಬಹುದು. ಪೇಪರನ್ನು ಗ್ರೇಡ್ ನೋಡಿ ಕೊಳ್ಳುತ್ತಿದ್ದ ಕಾಲದಲ್ಲಿ, ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ ‘ಇಂದು’ ಡಬ್ಬಿ ಪ್ರತಿ ಸ್ಟುಡಿಯೋದ ಕಪಾಟಿನಲ್ಲೂ ಇರುತ್ತಿದ್ದ ದಿನಗಳಲ್ಲಿ, ಈ ಅಂತರ ಜೇಬಿಗೇ ತಾಗುವ ವಿಷಯವಾಗಿತ್ತು. ಇಲ್‌ಫೋರ್ಡ್ 1940ರಲ್ಲಿ ತಂದ ಮಲ್ಟಿಗ್ರೇಡ್ ಬಗೆಯ ಕಾಗದದಲ್ಲಿ ಫಿಲ್ಟರ್ ಬದಲಿಸಿ ಸರಿದೂಗಿಸಿಕೊಳ್ಳಬಹುದು. ಬಣ್ಣದ ಪ್ರಿಂಟ್‌ಗೆಂದು ಮಾಡಿದ ಕಲರ್ ಹೆಡ್ ಕೂಡ ಡಿಫ್ಯೂಸರ್ ಜಾತಿಯದೇ. ಅದರ ಹಳದಿ, ಮಜೆಂಟಾ ಗುಂಡಿಗಳನ್ನು ತಿರುಗಿಸಿದರೆ ಮಲ್ಟಿಗ್ರೇಡ್ ಕಾಗದದ ಗ್ರೇಡೂ ತಿರುಗುತ್ತದೆ. ಗೀರು ಬಿದ್ದ ಹಳೆಯ ಕುಟುಂಬದ ನೆಗೆಟಿವ್‌ಗಳೇ ನಿಮ್ಮಲ್ಲಿ ಹೆಚ್ಚಿದ್ದರೆ ಡಿಫ್ಯೂಸರ್ ತೆಗೆದುಕೊಳ್ಳಿ. ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ.

ಕಂಡೆನ್ಸರ್ ಯಂತ್ರವೇ ಸಿಕ್ಕಿದರೆ ಇನ್ನೊಂದು ಮಾತು. ಅನೇಕ ಮಾದರಿಗಳಲ್ಲಿ 35ಕ್ಕೆ ಒಂದು ಕಂಡೆನ್ಸರ್, 6×6ಕ್ಕೆ ಇನ್ನೊಂದು. ಮಾರುವವರು ತಲೆಯೊಳಗೆ ಇರುವುದನ್ನಷ್ಟೇ ಕೊಟ್ಟು, ಉಳಿದದ್ದು ಎಲ್ಲೋ ಇರಬೇಕು ಅನ್ನುತ್ತಾರೆ. ಅದು ಮತ್ತೆ ಸಿಗುವುದಿಲ್ಲ. ನೆಗೆಟಿವ್ ಚೌಕಟ್ಟಿನ ಒಳತುಂಡುಗಳ ಕಥೆಯೂ ಇದೇ. ಬಲ್ಬಿನ ಬಗ್ಗೆಯೂ ಎಚ್ಚರ ಬೇಕು: ಅಂಗಡಿಯ ಮಾಮೂಲಿ ಬಲ್ಬಿನ ತುದಿಯಲ್ಲಿ ಅಚ್ಚಾದ ಅಕ್ಷರಗಳ ನೆರಳು ಕಂಡೆನ್ಸರ್ ಮೂಲಕ ಪ್ರಿಂಟ್‌ಗೂ ಇಳಿಯುತ್ತದೆ. ಅಚ್ಚಿಲ್ಲದ ಓಪಲ್ ಬಲ್ಬೇ ಆಗಬೇಕು. ಪಕ್ಕದ ಮನೆಯ ಪಂಪ್ ಶುರುವಾಗಿ ವೋಲ್ಟೇಜ್ ಕುಸಿಯುವ ಊರಾದರೆ ಸ್ಟೆಬಿಲೈಸರ್ ಕೂಡ ಇರಲಿ. ಟೆಸ್ಟ್ ಸ್ಟ್ರಿಪ್‌ನಲ್ಲಿ ಹನ್ನೆರಡು ಸೆಕೆಂಡಿಗೆ ಹದವಾಗಿ ಬಂದ ಮುಖ, ದೀಪ ಮಂಕಾದ ಹನ್ನೆರಡು ಸೆಕೆಂಡಿನಲ್ಲಿ ಸುಣ್ಣ ಬಳಿದಂತೆ ಬರುತ್ತದೆ.

ಯಂತ್ರಗಳ ಹೆಸರು ಹೇಳುವುದಾದರೆ, 35 ಮಾತ್ರ ಪ್ರಿಂಟ್ ಮಾಡುವವರಿಗೆ ಜರ್ಮನಿಯ ಲೈಟ್ಸ್ ಕಂಪನಿಯ ಫೋಕೋಮ್ಯಾಟ್ 1ಸಿ. ತಲೆಯನ್ನು ಏರಿಸಿದರೂ ಇಳಿಸಿದರೂ ಫೋಕಸ್ ತಾನಾಗಿ ಜೊತೆಯಲ್ಲೇ ಬರುತ್ತದೆ, ನೆಗೆಟಿವ್ ಅಲುಗದಂತೆ ಕಂಡೆನ್ಸರೇ ಮೇಲಿನಿಂದ ಒತ್ತಿ ಹಿಡಿಯುತ್ತದೆ. ಅದರ ಅಣ್ಣ 2ಸಿ 6×9ವರೆಗೂ ಹೋಗುತ್ತದೆ. ಚೆಕ್ ದೇಶದ ಮಿಯೋಪ್ಟಾದ ಓಪೆಮಸ್ 6×6ಕ್ಕೆ ಗಟ್ಟಿಮುಟ್ಟಾದ ಬಡವರ ಬಂಧು. ಇಟಲಿಯ ಡರ್ಸ್ಟ್‌ನ ಎಂ605 ಕೂಡ ಅದೇ ಅಳತೆಯದು. 4×5 ಬೇಕೆಂದರೆ ಅಮೆರಿಕದ ಒಮೇಗಾ ಡಿ2, ಇಂಗ್ಲೆಂಡಿನ ಡಿವಿಯರ್ 504. ಡಿವಿಯರ್‌ನಲ್ಲಿ ಏರಿಳಿಸುವ, ಫೋಕಸ್ ಮಾಡುವ ಚಕ್ರಗಳು ಹಲಗೆಯ ಬಳಿಯೇ ಇರುವುದರಿಂದ, ತಲೆ ಎಷ್ಟೇ ಎತ್ತರದಲ್ಲಿದ್ದರೂ ಕೈ ಚಾಚಬೇಕಾಗಿಲ್ಲ. ಎಲ್ಲ ಅಳತೆಗೂ ಆಗುತ್ತದೆಂದು 4×5 ಯಂತ್ರವನ್ನೇ ತಂದುಬಿಡುವ ಆಸೆ ಸಹಜ. ಆದರೆ ತರುವ ಮೊದಲು ಸೂರಿನ ಎತ್ತರ ಅಳೆಯಿರಿ. ಮನೆಯಲ್ಲಿ ಇರುವುದು 35 ಮತ್ತು 120ರ ಚೌಕಗಳು ಮಾತ್ರ ಎಂದಾದರೆ 6×7 ಹಿಡಿಸುವ ಯಂತ್ರ, 50 ಮತ್ತು 80ರ ಎರಡು ಲೆನ್ಸ್ ಸಾಕು.

ಪೆಟ್ಟಿಗೆಯ ತಳದ ಗಾಜಿನ ಪ್ಲೇಟುಗಳ ಮಾತೇ ಬೇರೆ. ಹಾಫ್ ಪ್ಲೇಟ್ 4¾×6½ ಇಂಚು, 4×5ರ ಯಂತ್ರಕ್ಕೂ ಅದು ಹಿಡಿಯುವುದಿಲ್ಲ. ಡರ್ಸ್ಟ್ 138ರಂಥ, 13×18 ಸೆಂಟಿಮೀಟರ್ ನುಂಗುವ ದೈತ್ಯ ಬೇಕು. ನಾನಂತೂ ಪ್ಲೇಟನ್ನು ಕಾಗದದ ಮೇಲೆ ಮುಖ ಕೆಳಗಾಗಿ ಇಟ್ಟು, ಮೇಲೊಂದು ಗಾಜು ಒತ್ತಿ, ಕಾಂಟ್ಯಾಕ್ಟ್ ಪ್ರಿಂಟ್ ತೆಗೆದುಬಿಡುತ್ತೇನೆ. ಸೀರೆಯ ಅಂಚಿನ ಒಂದೊಂದು ಎಳೆಯೂ ಬರುತ್ತದೆ.

ಯಾವ ಹೆಸರಿನ ಯಂತ್ರವಾದರೂ ನೆಗೆಟಿವ್, ಲೆನ್ಸ್, ಹಲಗೆ ಮೂರೂ ಒಂದಕ್ಕೊಂದು ಸಮಾನಾಂತರವಾಗಿ ಇಲ್ಲದಿದ್ದರೆ ಮೇಲಿನದೆಲ್ಲ ವ್ಯರ್ಥ. ಇದನ್ನು ನೋಡುವುದು ಸುಲಭ. ಬೆಳಕಿಗೆ ಒಡ್ಡಿ ಡೆವಲಪ್ ಮಾಡಿದ ಫಿಲಂನ ಕಪ್ಪು ತುದಿಯನ್ನು ತೆಗೆದುಕೊಂಡು, ಸೂಜಿಯಿಂದ ಅಡ್ಡಡ್ಡ, ಉದ್ದುದ್ದ ಗೀರಿ. ಅದನ್ನು ಚೌಕಟ್ಟಿನಲ್ಲಿಟ್ಟು, ಲೆನ್ಸನ್ನು ಪೂರ್ತಿ ತೆರೆದು ದೀಪ ಹಾಕಿ. ನಡುವಿನ ಗೆರೆ ಚೂಪಾಗಿ, ಎಡಮೂಲೆಯದು ಹರಿತ ಕಳೆದುಕೊಂಡಿದ್ದರೆ ಯಾವುದೋ ಒಂದು ತಿರುಪು ಸಡಿಲವಾಗಿದೆ, ಇಲ್ಲವೇ ಕಂಬ ವಾಲಿದೆ. ನಾಲ್ಕೂ ಮೂಲೆ ಒಟ್ಟಿಗೆ ಚೂಪಾಗುವವರೆಗೆ ಸರಿಮಾಡಿಕೊಳ್ಳಬೇಕು. ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು.

ಹಳೆಯ ಎನ್‌ಲಾರ್ಜರ್ ನೋಡಲು ಹೋಗುವಾಗ ಒಂದು ಟಾರ್ಚ್, ಸೂಜಿಯಿಂದ ಗೀರಿದ ಆ ಫಿಲಂ ತುಂಡು ಮತ್ತು ನಿಮ್ಮಲ್ಲಿರುವ ಅತಿ ದೊಡ್ಡ ನೆಗೆಟಿವ್, ಈ ಮೂರನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ. ಆ ನೆಗೆಟಿವ್ ಚೌಕಟ್ಟಿನಲ್ಲಿ ಪೂರ್ತಿ ಕೂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಚೌಕಾಸಿ ಶುರುಮಾಡಿ.