‘ಹೋಗಿದ್ದೆ’ ಎಂದರೆ ‘ಹ್ಯಾಡ್ ಗಾನ್’ ಅಲ್ಲ

1969ರ ಜುಲೈನಲ್ಲಿ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಆಡಿದ ‘ಒಬ್ಬ ಮನುಷ್ಯನಿಗೆ ಪುಟ್ಟ ಹೆಜ್ಜೆ, ಮನುಕುಲಕ್ಕೆ ದೊಡ್ಡ ನೆಗೆತ’ ಎಂಬ ಇಂಗ್ಲಿಷ್ ಮಾತಿನಲ್ಲಿ ಒಂದು ‘ಎ’ ಯಾರಿಗೂ ಕೇಳಿಸಲಿಲ್ಲ. ‘ಎ ಮ್ಯಾನ್’ ಎಂದರೆ ಒಬ್ಬ ಮನುಷ್ಯ. ‘ಎ’ ಬಿಟ್ಟರೆ ಇಡೀ ಮನುಕುಲ. ಒಬ್ಬನ ಪುಟ್ಟ ಹೆಜ್ಜೆಗೂ ಮನುಕುಲದ ನೆಗೆತಕ್ಕೂ ಇದ್ದ ವ್ಯತ್ಯಾಸವೇ ಕಲಸಿಹೋಯಿತು. ‘ಎ’ ಹೇಳುವುದೇ ತಮ್ಮ ಉದ್ದೇಶವಾಗಿತ್ತು ಎಂದು ಅವರು ಆಮೇಲೆ ಹೇಳಿದರು.

ಕನ್ನಡದಲ್ಲಿ ‘ಎ’, ‘ದಿ’ಗಳಂಥ ಆರ್ಟಿಕಲ್ ಇಲ್ಲ ಎಂದು ಶಾಲೆಯಲ್ಲಿ ಹೇಳಿ ಮುಗಿಸುತ್ತಾರೆ. ಆದರೆ ಅಜ್ಜಿಕತೆ ಕೇಳಿ: ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು.’ ಮೊದಲು ‘ಒಬ್ಬ’, ಪರಿಚಯವಾದ ಮೇಲೆ ‘ಆ’. ಇಂಗ್ಲಿಷಿನ ‘ಎ’, ‘ಆ್ಯನ್’ ಹುಟ್ಟಿದ್ದೂ ‘ಒಂದು’ ಎಂಬರ್ಥದ ಹಳೆಯ ಪದದಿಂದ. ‘ದಿ’ ಬಂದದ್ದು ‘ಆ’ ಎಂದು ತೋರಿಸುವ ಪದದಿಂದ. ‘ಪುಸ್ತಕ ತಂದೆ’ ಎಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ತಂದೆ’ ಎಂದರೆ ಸಾಮಾನ್ಯವಾಗಿ ಕೇಳುವವರಿಗೂ ಗೊತ್ತಿರುವ ಪುಸ್ತಕ. ನಾವು ಬೇಕಾದಾಗ ಮಾತ್ರ ತೋರಿಸುವುದನ್ನು ಇಂಗ್ಲಿಷ್ ಹೆಜ್ಜೆಹೆಜ್ಜೆಗೂ ಕೇಳುತ್ತದೆ, ಅಷ್ಟೇ. ಇನ್ನು ‘ಎ’ ಬೇಕೋ ‘ಆ್ಯನ್’ ಬೇಕೋ ಎಂಬುದನ್ನು ಕಿವಿಗೆ ಬಿಡಿ: ಆ್ಯನ್ ಎಂಎಲ್‌ಎ, ಎ ಯೂನಿವರ್ಸಿಟಿ.

ನಿಜವಾದ ತೊಡಕು ಕ್ರಿಯಾಪದದಲ್ಲಿದೆ. ಅಲ್ಲಿ ನಮಗೆ ಕೊರತೆಯಿಲ್ಲ, ಹೋಲಿಕೆಯೇ ಮೋಸ ಮಾಡುತ್ತದೆ. ‘ನಾನು ನಿಲ್ದಾಣ ಮುಟ್ಟುವಷ್ಟರಲ್ಲಿ ಬಸ್ಸು ಹೋಗಿತ್ತು’ ಎಂಬಲ್ಲಿ ‘ಹ್ಯಾಡ್ ಗಾನ್’ ಸರಿ. ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಬಸ್ಸು ಹೋದದ್ದು ಮೊದಲು. ಆದರೆ ‘ಹೋದ ವರ್ಷ ಮೈಸೂರಿಗೆ ಹೋಗಿದ್ದೆ’ ಎಂದೂ ನಾವು ಹೇಳುತ್ತೇವಲ್ಲ, ಅಲ್ಲಿ ಎರಡನೇ ಸಂಗತಿಯೇ ಇಲ್ಲ. ಇಂಗ್ಲಿಷಿಗೆ ಬರೀ ‘ವೆಂಟ್’ ಸಾಕು. ‘ನಿನ್ನೆ ನೋಡಿದ್ದೇನೆ’ ಕನ್ನಡಕ್ಕೆ ಒಪ್ಪುತ್ತದೆ. ‘ಯೆಸ್ಟರ್‌ಡೇ’ ಜೊತೆಗೆ ‘ಹ್ಯಾವ್ ಸೀನ್’ ಒಪ್ಪದು. ‘ಹ್ಯಾವ್’ ಹಿಂದಿನದನ್ನು ಈ ಗಳಿಗೆಗೆ ಕಟ್ಟುತ್ತದೆ, ‘ನಿನ್ನೆ’ ಎಂದೊಡನೆ ಆ ಗಂಟು ಕಳಚುತ್ತದೆ.

‘ಹತ್ತು ವರ್ಷದಿಂದ ಇಲ್ಲಿದ್ದೇನೆ’, ‘ಸೋಮವಾರದಿಂದ ಇಲ್ಲಿದ್ದೇನೆ’: ಎರಡಕ್ಕೂ ನಮ್ಮದು ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಅವಧಿಗೆ ‘ಫಾರ್’, ಶುರುವಾದ ದಿನಕ್ಕೆ ‘ಸಿನ್ಸ್’. ಎರಡಕ್ಕೂ ‘ಹ್ಯಾವ್ ಬೀನ್’. ‘ಐ ಆ್ಯಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂಬುದು ಕನ್ನಡದ ವಾಕ್ಯಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ್ದು.

ಹನ್ನೆರಡು ಕಾಲಗಳ ಪಟ್ಟಿ ಬಾಯಿಪಾಠ ಮಾಡಿಸುವ ಮೇಷ್ಟ್ರೇ, ಮೊದಲ ದಿನ ‘ಹೋದೆ’, ‘ಹೋಗಿದ್ದೇನೆ’, ‘ಹೋಗಿದ್ದೆ’ ಮೂರನ್ನೂ ಹಲಗೆಯ ಮೇಲೆ ಬರೆದು, ಯಾವುದನ್ನು ಎಲ್ಲಿ ಆಡುತ್ತೀರಿ ಎಂದು ಮಕ್ಕಳನ್ನೇ ಕೇಳಿ. ಇಂಗ್ಲಿಷ್ ಎರಡನೇ ದಿನ ಬರಲಿ.