ಆರಂಭಿಕ ಗರ್ಭಸ್ರಾವ

ಆರಂಭಿಕ ಗರ್ಭಸ್ರಾವವೆಂದರೆ ಗರ್ಭಧಾರಣೆಯ ಮೊದಲ 12 ವಾರಗಳಲ್ಲಿ ಗರ್ಭವು ತಾನಾಗಿಯೇ ನಷ್ಟವಾಗುವುದು. ಭ್ರೂಣದ ವರ್ಣತಂತುಗಳ ದೋಷ ಇದರ ಸಾಮಾನ್ಯ ಕಾರಣ. ಅದು ತಾಯಿಯ ತಪ್ಪಿನಿಂದ ಉಂಟಾಗುವುದಲ್ಲ. ರಕ್ತಸ್ರಾವ, ಹೆಪ್ಪುಗಟ್ಟಿದ ರಕ್ತ ಹೊರಬೀಳುವುದು ಹಾಗೂ ಕಿಬ್ಬೊಟ್ಟೆಯ ನೋವು ಮುಖ್ಯ ಲಕ್ಷಣಗಳು. ಸ್ರಾವವು ಕ್ರಮೇಣ ಕಡಿಮೆಯಾಗಿ ಸಾಮಾನ್ಯವಾಗಿ ಎರಡು ವಾರಗಳೊಳಗೆ ನಿಲ್ಲುತ್ತದೆ. ಮುಟ್ಟು 4ರಿಂದ 8 ವಾರಗಳಲ್ಲಿ ಮರಳುತ್ತದೆ.

ಗಂಟೆಗೆ ಎರಡು ಪ್ಯಾಡ್ ತೋಯುವಷ್ಟು ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ತೀವ್ರ ನೋವು ಅಥವಾ ಪ್ರಜ್ಞೆ ತಪ್ಪುವಿಕೆ ಕಂಡುಬಂದರೆ ತುರ್ತು ಚಿಕಿತ್ಸೆ ಅಗತ್ಯ. ಮೂಡಿಗೆರೆ, ಕಳಸದ ಒಳಭಾಗದ ಕಾಫಿ ತೋಟಗಳಿಂದ ಆಸ್ಪತ್ರೆ ದೂರವಿರುವುದರಿಂದ ತಡಮಾಡದೆ 108 ಆಂಬ್ಯುಲೆನ್ಸ್ ಕರೆಯುವುದು ಮುಖ್ಯ.

ತೋಟಗಳಿಗೂ ಅನ್ವಯವಾಗುವಂತೆ ರೂಪುಗೊಂಡ 1961ರ ಹೆರಿಗೆ ಸೌಲಭ್ಯ ಕಾಯ್ದೆಯು ಗರ್ಭಸ್ರಾವವಾದ ಕಾರ್ಮಿಕ ಮಹಿಳೆಗೆ ಆರು ವಾರಗಳ ವೇತನಸಹಿತ ರಜೆಯನ್ನು ಕಲ್ಪಿಸಿತು. ಇದಕ್ಕೆ ಪುರಾವೆ ಬೇಕಾಗುವುದರಿಂದ ಆಸ್ಪತ್ರೆಯ ದಾಖಲೆಗಳನ್ನು ಕಾಯ್ದಿಡಬೇಕಾಗುತ್ತದೆ.