ನಿಮಗಿದು ಗೊತ್ತೆ? ಆನಂದಪುರ ಕಟ್ಟಿದ ಪಾದ್ರಿ

ಕೊಡಗಿನ ಸಿದ್ದಾಪುರದ ಬಳಿಯ ಆನಂದಪುರ ಎಂಬ ಊರು ಹುಟ್ಟಿದ್ದು ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಅವರಿಂದ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದವರೂ ಇವರೇ. ನಾಲ್ಕು ಪುಟದ ಆ ಪಾಕ್ಷಿಕದ ಬೆಲೆ ಒಂದು ದುಡ್ಡು.

ಬಾಸೆಲ್ ಮಿಷನ್‌ನ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು, 1853ರಲ್ಲಿ ಕೊಡಗಿನ ಘಟ್ಟ ಹತ್ತಿದರು. ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿಯ ಒಡೆಯರ ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತಕ್ಕಿದ್ದವರಿಗೆ ನೆಲೆಯಾಗಲೆಂದೇ ಅವರು ಆನಂದಪುರ ಕಟ್ಟಿದ್ದು. ಪತ್ರಿಕೆಯ ಹೆಸರಿನಿಂದ ಅವರನ್ನು ನೆನೆಯುವ ನಾವು ಈ ಕೆಲಸವನ್ನೂ ಅಷ್ಟೇ ಗೌರವದಿಂದ ನೆನೆಯಬೇಕು. 1855ರಲ್ಲಿ ಅವರು ಕೊಡಗಿನ ಇತಿಹಾಸ, ಜನಜೀವನ ಕುರಿತು ‘ಕೂರ್ಗ್ ಮೆಮೊಯಿರ್ಸ್’ ಎಂಬ ಇಂಗ್ಲಿಷ್ ಪುಸ್ತಕ ಪ್ರಕಟಿಸಿದರು.

ಕನ್ನಡ ಬೈಬಲ್ ಅನುವಾದಕ್ಕೆ ದುಡಿದಿದ್ದ ಸಹೋದ್ಯೋಗಿ ವೈಗ್ಲೆ 1855ರಲ್ಲಿ ತೀರಿಕೊಂಡಾಗ ಅವರ ಪತ್ನಿ ಪೌಲೀನ್ ಮತ್ತು ಮಕ್ಕಳು ಒಂಟಿಯಾದರು. ಮೋಗ್ಲಿಂಗ್ ಪೌಲೀನ್ ಅವರನ್ನು ಮದುವೆಯಾಗಿ ಆ ಮಕ್ಕಳಿಗೆ ತಂದೆಯಾದರು. ಹೆಂಡತಿಯ ಕಾಯಿಲೆಯಿಂದಾಗಿ 1860ರಲ್ಲಿ ಕೊಡಗು ಬಿಟ್ಟು ತಾಯ್ನಾಡಿಗೆ ಮರಳಬೇಕಾಯಿತು. ಅದಕ್ಕೂ ಮೊದಲೇ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡ ಸೇವೆಗೆ ಗೌರವ ಡಾಕ್ಟರೇಟ್ ನೀಡಿತ್ತು. ಯಕ್ಷಗಾನ ಪ್ರಸಂಗ, ದಾಸರ ಪದಗಳನ್ನು ಅಚ್ಚಿಗೆ ತಂದವರಲ್ಲಿ ಮೊದಲಿಗರು ಅವರು.